ಹಣೆಬರಹವೆಂಬ ಶಬ್ದವೂ ಶರಣರ ವಿಭೂತಿಯೂ

ಕನ್ನಡ ನಾಡಿನಲ್ಲಿ ಪಂಡಿತ ಪಾಮರರೆನ್ನದೆ ಸಕಲರ ಬಾಯಿಂದಲೂ ಹೊರಡುವ ಶಬ್ದಗಳಲ್ಲಿ ‘ಹಣೆಬರಹ’ವೆಂಬದು ಒಂದು. ಮಳೆ ಹೋದರೆ ಹಣೆಬರಹ, ಎತ್ತು ಸತ್ತರೆ ಹಣೆಬರಹ, ಮಗಳ ಸಂಸಾರ ಕೆಟ್ಟರೆ ಹಣೆಬರಹ. ಬಡಗನಾಡಿನ ಹಳ್ಳಿಗರ ನಾಲಗೆಯಲ್ಲಿ ಅದು ‘ಹಣೇಬಾರ’ವೆಂದು ಮೊಟಕಾಗಿರುವದು. ಇಂಥ ಶಬ್ದದ ಹುಟ್ಟನ್ನೂ ನಡೆಯನ್ನೂ, ಶರಣಧರ್ಮವು ಅದಕ್ಕೆ ಕೊಟ್ಟ ಉತ್ತರವನ್ನೂ ಅರಿಯುವದು ಶಿವಭಕ್ತರಿಗೆ ಅಪ್ರಸ್ತುತವಾಗಲಾರದು.

ಶಬ್ದವು ಅಚ್ಚಗನ್ನಡದ್ದು. ಹಳಗನ್ನಡದ ‘ಪಣೆ’ಯೇ, ಪಕಾರವು ಹಕಾರವಾಗಿ, ‘ಹಣೆ’ಯಾಯಿತು. ‘ಬರಹ’ವು ‘ಬರೆ’ ಎಂಬ ಧಾತುವಿನಿಂದ ಬಂದುದು. ಬರೆಯೆಂದರೆ ಗೆರೆ, ಕಾಯಿಸಿದ ಕಬ್ಬಿಣದಿಂದ ಮೈಮೇಲೆ ಎಳೆದ ಗುರುತಿಗೂ ಬರೆಯೆಂದೇ ಹೆಸರು. ಇದೇ ಅರ್ಥಕ್ಕೆ ಸಂಸ್ಕೃತದಿಂದ ಬಂದ ಶಬ್ದಗಳು ಹಲವಿದ್ದರೂ ಅವುಗಳ ಬಗೆ ಬೇರೆ. ‘ವಿಧಿ’ಯೆಂದರೆ ಕಟ್ಟಳೆ, ಶಾಸ್ತ್ರವು ‘ಹೀಗೆ ಮಾಡು’ ಎಂದು ಹೇಳುವದೂ ವಿಧಿಯೇ. ‘ಅದೃಷ್ಟ’ವೆಂದರೆ ಕಾಣದುದು. ‘ಪ್ರಾರಬ್ಧ’ವೆಂದರೆ ಈಗಾಗಲೇ ಫಲಕೊಡಲು ತೊಡಗಿದ ಕರ್ಮ. ಮುಸಲ್ಮಾನ ಅರಸರ ಕಾಲದಲ್ಲಿ ನಮ್ಮಲ್ಲಿ ಬೇರೂರಿದ ‘ನಸೀಬು’ ಅರಬೀ ಶಬ್ದ. ಅದರ ಮೂಲಾರ್ಥ ಪಾಲು. ಇವೆಲ್ಲವೂ ಬುದ್ಧಿಯಿಂದ ತಿಳಿಯತಕ್ಕ ಮಾತುಗಳು. ಹಣೆಬರಹಕ್ಕಾದರೋ ಮೈಯಲ್ಲಿಯೇ ಒಂದು ಠಾವುಂಟು. ಆದಕಾರಣವೇ ದುಃಖಿತನು ಅದನ್ನು ನುಡಿಯುವಾಗ ಅಂಗೈಯಿಂದ ಹಣೆ ಹಣೆ ಬಡಿದುಕೊಳ್ಳುವನು. ಬರೆದವನಿಗೆ ಕೈ ಮುಟ್ಟದು, ಬರಹಕ್ಕಾದರೂ ಮುಟ್ಟುವದು!

ಬರೆಯುವವರು ಯಾರು? ಪುರಾಣಗಳು ಬ್ರಹ್ಮನೆನ್ನುವವು. ಆದರೆ ಕರ್ನಾಟಕದ ಉತ್ತರ ಭಾಗದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಹೆಂಗಸರು ನಂಬುವದು ಶೆಟವಿ ತಾಯಿಯನ್ನು. ಷಷ್ಠೀದೇವಿಯ ಹೆಸರೇ ಜನರ ಬಾಯಲ್ಲಿ ಹೀಗೆ ಸವೆದಿರುವದು. ಕೂಸು ಹುಟ್ಟಿದ ಐದನೆಯ ಇಲ್ಲವೆ ಆರನೆಯ ರಾತ್ರಿ ಅವಳು ಬಂದು ಕೂಸಿನ ಹಣೆಯ ಮೇಲೆ ಬಾಳೆಲ್ಲವನ್ನೂ ಬರೆದು ಹೋಗುವಳೆಂದು ನಂಬಿ, ಬಾಣಂತಿಯ ಕೋಣೆಯಲ್ಲಿ ದೀಪವನ್ನು ಆರಗೊಡದೆ ಕಾಯುವರು. ಜಂಗಮರು ಬಂದು ಕೂಸಿಗೆ ಲಿಂಗ ಕಟ್ಟಿ ವಿಭೂತಿ ಧರಿಸಿದ ಲಿಂಗವಂತರ ಮನೆಗಳಲ್ಲಿಯೂ ಶೆಟವಿಯ ಪೂಜೆ ನಿಂತಿಲ್ಲ. ಮುದುಕಿಯರು ಎರಡನ್ನೂ ಬಿಡರು.

ಶಬ್ದದ ದಿನಬಳಕೆಯಲ್ಲಿ ಗಮನಿಸತಕ್ಕದ್ದೊಂದುಂಟು. ಒಳ್ಳೆಯದಾದರೆ ಜನರು ‘ಪುಣ್ಯ’ವೆನ್ನುವರು, ‘ದೈವ’ವೆನ್ನುವರು, ಕೆಟ್ಟದಕ್ಕೇ ಹೆಚ್ಚಾಗಿ ಹಣೆಬರಹವೆನ್ನುವರು. ಅದೂ ಕೆಲಸ ಮುಗಿದ ಮೇಲೆ. ಬಿತ್ತುವ ಮೊದಲು ‘ಹಣೆಬರಹವಿದ್ದರೆ ಬೆಳೆದೀತು’ ಎಂದು ಹೊಲವನ್ನು ಹರಗದೆ ಕುಳಿತ ಒಕ್ಕಲಿಗನು ಅಪರೂಪ. ತನ್ನ ನೋವಿಗೆ ತಾನೇ ಆಡಿಕೊಂಡಾಗ ಈ ಮಾತು ಎದೆಯ ಭಾರವನ್ನು ಇಳಿಸುವದು. ಅದೇ ಮಾತು ಮತ್ತೊಬ್ಬರ ನೋವಿಗೆ ಆಡಿದಾಗ ಕಲ್ಲಾಗುವದು. ‘ಹಣೆಬರಹಕ್ಕೆ ಹೊಣೆ ಯಾರು?’ ಎಂಬ ಗಾದೆಯು ಹಲವು ವೇಳೆ ಹೊಣೆಯುಳ್ಳವನೇ ಜಾರಿಕೊಳ್ಳುವ ದಾರಿಯಾಗಿರುವದು. ಎಳೆಯ ವಿಧವೆಗೆ, ಕುರುಡು ಮಗುವಿಗೆ, ಹೊಲೆಮಾದಿಗರೆಂದು ಊರ ಹೊರಗಿಟ್ಟವರಿಗೆ ಶತಮಾನಗಳ ಕಾಲ ಈ ಒಂದೇ ಉತ್ತರ ದೊರೆಯುತ್ತ ಬಂದಿತು.

ಹನ್ನೆರಡನೆಯ ಶತಮಾನದ ಶರಣರು ತಡೆದದ್ದು ಈ ಉತ್ತರವನ್ನೇ. ಬರಹವೇ ಇಲ್ಲವೆಂದು ಅವರು ವಾದಕ್ಕೆ ನಿಲ್ಲಲಿಲ್ಲ; ಅದನ್ನು ತೊಡೆಯಬಹುದೆಂದರು. ಶ್ರೀಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿರಿಸಿ, ವೇಧಾ ಮಂತ್ರ ಕ್ರಿಯಾ ದೀಕ್ಷೆಗಳಿಂದ ಆಣವ ಮಾಯಾ ಕಾರ್ಮಿಕವೆಂಬ ಮಲತ್ರಯವನ್ನು ಕಳೆಯುವನೆಂಬದು ಸಿದ್ಧಾಂತ. ಹಣೆಯ ದುರ್ಲಿಖಿತವನ್ನು ತೊಡೆದು ಅಲ್ಲಿ ವಿಭೂತಿಯನ್ನಿಡುವ ಭಾವವು ವಚನಗಳಲ್ಲಿ ಕಂಡುಬರುವದು. ಮೂರು ಬೆರಳಿನಿಂದ ಎಳೆದ ತ್ರಿಪುಂಡ್ರವು ಕುಳಿತುಕೊಳ್ಳುವದು ವಿಧಿಯ ಬರಹವಿದೆಯೆಂದು ಜನರು ತಿಳಿದ ಆ ಜಾಗದಲ್ಲಿಯೇ. ಮುಹೂರ್ತ ತಾರಾಬಲಗಳನ್ನು ಬಸವಣ್ಣನವರು ಒಲ್ಲೆನೆಂದುದೂ ಇದೇ ನಿಲುವಿನಿಂದ. ಹುಟ್ಟಿನ ಜಾತಿಯೆಂಬದು ಬರಹಗಳಲ್ಲೆಲ್ಲ ಘೋರವಾದುದು. ದೀಕ್ಷೆಯಾದವನಿಗೆ ಪೂರ್ವಾಶ್ರಯವಿಲ್ಲವೆಂದು ಅದನ್ನೂ ಒರೆಸಿದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇವರು ಪೂಜ್ಯರಾದುದು ಹೀಗೆ. ಭಕ್ತನಿಗೆ ಕಷ್ಟ ಬಾರದೆಂದು ಮಾತ್ರ ಶರಣರು ಎಲ್ಲಿಯೂ ಭರವಸೆ ಕೊಡಲಿಲ್ಲ. ಹರಳಯ್ಯ ಮಧುವರಸರು ಪಟ್ಟ ಶಿಕ್ಷೆಯ ಕಥೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಶತಮಾನಗಳಲ್ಲಿ ವಿಭೂತಿಯು ಹಣೆಯ ಮೇಲೆ ಉಳಿಯಿತು, ಅದರ ಅರ್ಥವು ಬಹುಮಟ್ಟಿಗೆ ಮಸುಕಾಯಿತು. ಅದನ್ನು ಕಾರ್ಯದಲ್ಲಿ ತೋರಿಸಿದವರಲ್ಲಿ ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳು (1867–1930) ಅಗ್ರಗಣ್ಯರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಕೀರ್ತಿ ಅವರದು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಗುರುಡನಾಗಿ ಜನಿಸಿದ ಬಾಲಕನೊಬ್ಬನಿದ್ದನು. ಅವನ ಅಣ್ಣನೂ ಕುರುಡನೇ. ಒಂದೇ ಮನೆಯಲ್ಲಿ ಇಬ್ಬರು ಕಣ್ಣಿಲ್ಲದ ಮಕ್ಕಳು! ಊರವರು ಏನೆಂದಿರಬಹುದೆಂಬದನ್ನು ಊಹಿಸುವದು ಕಷ್ಟವಲ್ಲ. ಸ್ವಾಮಿಗಳು ಆ ಹುಡುಗರ ಕಂಠವನ್ನು ಕೇಳಿದರು, ಕರೆದುಕೊಂಡು ಹೋದರು, ಸಂಗೀತವನ್ನು ಕಲಿಸಿದರು. ಕಿರಿಯವನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಕರ್ನಾಟಕ ಹಿಂದೂಸ್ಥಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಅವರು ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಪಾಠ ಹೇಳಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅವರ ತಪಸ್ಸಿನ ಫಲ. ಕಣ್ಣುಳ್ಳ ಬಸವರಾಜ ರಾಜಗುರುಗಳೂ ಅವರ ಬಳಿ ಕಲಿತವರೇ.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವನ್ನು ಹೊತ್ತವರು ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಅವರು 1914ರಲ್ಲಿ ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ ಹುಟ್ಟಿ, ಹಸುಗೂಸಾಗಿರುವಾಗಲೇ ದೃಷ್ಟಿಯನ್ನು ಕಳೆದುಕೊಂಡಿದ್ದರು. 2010ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಸಾವಿರಾರು ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಕನ್ನಡ, ಸಂಸ್ಕೃತ, ಹಿಂದಿ ಈ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಬ್ರೈಲ್ ಲಿಪಿಯಲ್ಲಿ, ದಪ್ಪ ಕಾಗದದ ಮೇಲೆ ಒಂದೊಂದೇ ಚುಕ್ಕೆಯನ್ನೊತ್ತಿ, ಬರೆದುದನ್ನು ಬೆರಳಿನಿಂದ ಓದಿಕೊಳ್ಳುವದು ಅವರ ಕ್ರಮವಾಗಿದ್ದಿತು.