ಚಿನ್ನದ ಆಭರಣಗಳ ಮೇಲಿನ ಶುದ್ಧತೆಯ ಮುದ್ರೆ: ಗ್ರಾಹಕರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ಚಿನ್ನದ ಆಭರಣವು ಕುಟುಂಬದ ಉಳಿತಾಯವೂ ಆಗಿರುತ್ತದೆ. ಮದುವೆಯ ಕಾಲದಲ್ಲಿ ಮಾಡಿಸಿದ ಮಾಂಗಲ್ಯ, ಸರ, ಬಳೆ, ಓಲೆಗಳನ್ನು ಮಳೆ ಕೈಕೊಟ್ಟ ವರ್ಷದಲ್ಲಿ, ಆಸ್ಪತ್ರೆಯ ಖರ್ಚಿಗಾಗಿ ಅಥವಾ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಅಡವಿಡುವುದು ವಾಡಿಕೆಯಲ್ಲಿದೆ. ಆಭರಣದಲ್ಲಿ ಹೇಳಿದಷ್ಟು ಚಿನ್ನವಿಲ್ಲವೆಂಬ ಸಂಗತಿಯು ಬೆಳಕಿಗೆ ಬರುವುದು ಬಹುಮಟ್ಟಿಗೆ ಅಂತಹ ಕಷ್ಟದ ಸಂದರ್ಭದಲ್ಲಿಯೇ. ಆ ವೇಳೆಗೆ ಖರೀದಿಯ ರಸೀದಿ ಕಳೆದಿರುತ್ತದೆ ಅಥವಾ ರಸೀದಿಯನ್ನೇ ಪಡೆದಿರುವುದಿಲ್ಲ. ನಷ್ಟವನ್ನು ಗ್ರಾಹಕರೇ ಭರಿಸಬೇಕಾಗುತ್ತದೆ.

ಆಭರಣದ ಬಣ್ಣ, ಹೊಳಪು ಅಥವಾ ತೂಕವನ್ನು ನೋಡಿ ಅದರ ಶುದ್ಧತೆಯನ್ನು ಬರಿಗಣ್ಣಿನಿಂದ ನಿರ್ಧರಿಸಲು ಸಾಧ್ಯವಿಲ್ಲ. ಆದುದರಿಂದ ಮಾರಾಟಗಾರರಲ್ಲದ ಮೂರನೆಯ ಸಂಸ್ಥೆಯೊಂದು ಪರೀಕ್ಷಿಸಿ ಒತ್ತಿದ ಮುದ್ರೆಯು ಅಗತ್ಯವಾಗುತ್ತದೆ. ಈ ಮುದ್ರೆಗೆ ಹಾಲ್‌ಮಾರ್ಕ್ ಎಂದು ಹೆಸರು. ಮುದ್ರೆಯಲ್ಲಿ ಏನೇನು ಇರುತ್ತದೆ, ಅದನ್ನು ಹೇಗೆ ಪರಿಶೀಲಿಸಬೇಕು, ಕೊರತೆ ಕಂಡುಬಂದಲ್ಲಿ ಯಾವ ಪರಿಹಾರವಿದೆ ಎಂಬ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಕ್ಯಾರೆಟ್ ಎಂದರೇನು?

ಅಪ್ಪಟ ಚಿನ್ನವು ಮೃದುವಾದ ಲೋಹ. ಅದರಿಂದ ಮಾಡಿದ ಆಭರಣವು ಬೇಗನೆ ಬಾಗುತ್ತದೆ ಮತ್ತು ಸವೆಯುತ್ತದೆ. ಗಟ್ಟಿತನಕ್ಕಾಗಿ ತಾಮ್ರ, ಬೆಳ್ಳಿ ಮುಂತಾದ ಲೋಹಗಳನ್ನು ಬೆರೆಸಲಾಗುತ್ತದೆ. ಹೀಗೆ ಬೆರೆಸಿದ ಲೋಹದ 24 ಭಾಗಗಳಲ್ಲಿ ಎಷ್ಟು ಭಾಗ ಚಿನ್ನವಿದೆ ಎಂಬುದನ್ನು ಕ್ಯಾರೆಟ್ ಸೂಚಿಸುತ್ತದೆ. ಇದನ್ನೇ ಸಾವಿರ ಭಾಗಗಳ ಲೆಕ್ಕದಲ್ಲಿ ಹೇಳಿದಾಗ ಮೂರು ಅಂಕಿಗಳ ಶುದ್ಧತೆಯ ಸಂಖ್ಯೆ ದೊರೆಯುತ್ತದೆ. 22 ನ್ನು 24 ರಿಂದ ಭಾಗಿಸಿದರೆ 0.916 ಬರುತ್ತದೆ. 22 ಕ್ಯಾರೆಟ್ ಆಭರಣದ ಮೇಲೆ 916 ಎಂಬ ಸಂಖ್ಯೆ ಇರುವುದು ಈ ಕಾರಣದಿಂದ.

ಚಿನ್ನದ ಶುದ್ಧತೆಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 1417 ರಲ್ಲಿ ಸೇರಿರುವ ಶ್ರೇಣಿಗಳು ಈ ಕೆಳಕಂಡಂತಿವೆ:

24 ಕ್ಯಾರೆಟ್ – ಸಾವಿರಕ್ಕೆ ಕನಿಷ್ಠ 995 ಭಾಗ ಚಿನ್ನ
23 ಕ್ಯಾರೆಟ್ – 958 ಭಾಗ
22 ಕ್ಯಾರೆಟ್ – 916 ಭಾಗ
20 ಕ್ಯಾರೆಟ್ – 833 ಭಾಗ
18 ಕ್ಯಾರೆಟ್ – 750 ಭಾಗ
14 ಕ್ಯಾರೆಟ್ – 585 ಭಾಗ
9 ಕ್ಯಾರೆಟ್ – 375 ಭಾಗ (2025 ರಲ್ಲಿ ಸೇರ್ಪಡೆ)

ಕಡಿಮೆ ಕ್ಯಾರೆಟ್‌ನ ಆಭರಣವನ್ನು ಮಾರುವುದು ತಪ್ಪಲ್ಲ. ಕಲ್ಲು ಕೂರಿಸುವ ಆಭರಣಗಳಿಗೆ 18 ಕ್ಯಾರೆಟ್ ಚಿನ್ನವನ್ನು ಬಳಸುವುದು ಸಾಮಾನ್ಯ. ಆದರೆ 18 ಕ್ಯಾರೆಟ್ ಆಭರಣವನ್ನು 22 ಕ್ಯಾರೆಟ್ ಎಂದು ಹೇಳಿ ಮಾರಿದಲ್ಲಿ ಅದು ವಂಚನೆಯಾಗುತ್ತದೆ. 20 ಗ್ರಾಂ ತೂಕದ 22 ಕ್ಯಾರೆಟ್ ಸರದಲ್ಲಿ 18.32 ಗ್ರಾಂ ಅಪ್ಪಟ ಚಿನ್ನ ಇರಬೇಕು. ಅದೇ ತೂಕದ 18 ಕ್ಯಾರೆಟ್ ಸರದಲ್ಲಿ ಇರುವುದು 15 ಗ್ರಾಂ ಮಾತ್ರ. ಅಂದರೆ 3 ಗ್ರಾಂಗೂ ಹೆಚ್ಚಿನ ಚಿನ್ನವು ಗ್ರಾಹಕರ ಕೈತಪ್ಪುತ್ತದೆ.

ಹಾಲ್‌ಮಾರ್ಕ್ ಯೋಜನೆಯ ಹಿನ್ನೆಲೆ

ಭಾರತೀಯ ಮಾನಕ ಬ್ಯೂರೋ (ಬಿ.ಐ.ಎಸ್.) ಸಂಸ್ಥೆಯು ಚಿನ್ನದ ಆಭರಣಗಳ ಹಾಲ್‌ಮಾರ್ಕ್ ಯೋಜನೆಯನ್ನು 2000 ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಆರಂಭಿಸಿತು. ಎರಡು ದಶಕಗಳ ಕಾಲ ಇದು ವ್ಯಾಪಾರಿಗಳ ಇಚ್ಛೆಗೆ ಬಿಟ್ಟ ಯೋಜನೆಯಾಗಿತ್ತು. ಭಾರತೀಯ ಮಾನಕ ಬ್ಯೂರೋ ಅಧಿನಿಯಮ, 2016 ರ ಅಡಿಯಲ್ಲಿ ಕೇಂದ್ರ ಸರ್ಕಾರವು 15-01-2020 ರಂದು ಆದೇಶ ಹೊರಡಿಸಿ ಹಾಲ್‌ಮಾರ್ಕ್ ಅನ್ನು ಕಡ್ಡಾಯಗೊಳಿಸಿತು. ಹಲವು ಬಾರಿ ಅವಧಿ ವಿಸ್ತರಣೆಯಾದ ನಂತರ 23-06-2021 ರಿಂದ ದೇಶದ 256 ಜಿಲ್ಲೆಗಳಲ್ಲಿ ಈ ಆದೇಶವು ಜಾರಿಗೆ ಬಂದಿತು. 2022, 2023 ಮತ್ತು 2024 ರಲ್ಲಿ ಹಂತ ಹಂತವಾಗಿ ಇತರ ಜಿಲ್ಲೆಗಳನ್ನು ಸೇರಿಸಲಾಯಿತು. 2024 ರ ನವೆಂಬರ್ ತಿಂಗಳ ನಾಲ್ಕನೇ ಹಂತದ ವೇಳೆಗೆ ಈ ಸಂಖ್ಯೆ 361 ಕ್ಕೆ ಏರಿತು. ಪರೀಕ್ಷಾ ಕೇಂದ್ರದ ಸೌಲಭ್ಯವಿರುವ ಜಿಲ್ಲೆಗಳನ್ನು ಮೊದಲು ಆಯ್ಕೆ ಮಾಡಿಕೊಳ್ಳಲಾಯಿತು.

ಈ ಯೋಜನೆಯಡಿ ಮಾರಾಟಗಾರರು ಬಿ.ಐ.ಎಸ್. ನೋಂದಣಿ ಪಡೆದಿರಬೇಕು. ಆಭರಣಕ್ಕೆ ಮುದ್ರೆ ಹಾಕುವ ಅಧಿಕಾರವು ಮಾರಾಟಗಾರರಿಗೆ ಇರುವುದಿಲ್ಲ. ಬಿ.ಐ.ಎಸ್. ಮಾನ್ಯತೆ ಪಡೆದ ಅಸೇಯಿಂಗ್ ಮತ್ತು ಹಾಲ್‌ಮಾರ್ಕಿಂಗ್ ಕೇಂದ್ರಗಳು ಮಾತ್ರ ಪರೀಕ್ಷೆ ನಡೆಸಿ ಮುದ್ರೆ ಹಾಕುತ್ತವೆ.

ಪರೀಕ್ಷೆ ಹೇಗೆ ನಡೆಯುತ್ತದೆ?

ಕೇಂದ್ರಕ್ಕೆ ಬಂದ ಆಭರಣಗಳನ್ನು ಮೊದಲು ಎಕ್ಸ್-ಕಿರಣ ಆಧಾರಿತ ಯಂತ್ರದಲ್ಲಿ ಪರಿಶೀಲಿಸಲಾಗುತ್ತದೆ. ಈ ಯಂತ್ರವು ಆಭರಣಕ್ಕೆ ಹಾನಿ ಮಾಡದೆ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ನೀಡುತ್ತದೆ. ಆದರೆ ಅದು ಮೇಲ್ಪದರದ ಲೋಹವನ್ನು ಮಾತ್ರ ಅಳೆಯಬಲ್ಲದು. ಆದ್ದರಿಂದ ಮಾದರಿಯೊಂದನ್ನು ತೆಗೆದು ಐ.ಎಸ್. 1418 ರ ಪ್ರಕಾರ ಬೆಂಕಿಯ ಪರೀಕ್ಷೆಗೆ ಒಳಪಡಿಸಲಾಗುತ್ತದೆ.

ಈ ವಿಧಾನದಲ್ಲಿ ತೂಗಿದ ಮಾದರಿಗೆ ಬೆಳ್ಳಿಯನ್ನು ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ರಂಧ್ರಮಯವಾದ ಸಣ್ಣ ಬಟ್ಟಲಿನಲ್ಲಿಟ್ಟು ಕುಲುಮೆಯಲ್ಲಿ ಕಾಯಿಸುತ್ತಾರೆ. ತಾಮ್ರವೇ ಮೊದಲಾದ ಲೋಹಗಳು ಸೀಸದೊಡನೆ ಬಟ್ಟಲಿನಲ್ಲಿ ಇಂಗಿಹೋಗುತ್ತವೆ. ಉಳಿದ ಗುಂಡಿನಲ್ಲಿರುವ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಿಂದ ಕರಗಿಸಿ ತೆಗೆಯಲಾಗುತ್ತದೆ. ಕೊನೆಯಲ್ಲಿ ಉಳಿಯುವುದು ಚಿನ್ನ ಮಾತ್ರ. ಅದರ ತೂಕವನ್ನು ಮೊದಲಿನ ತೂಕದೊಡನೆ ಹೋಲಿಸಿ ಶುದ್ಧತೆಯನ್ನು ಲೆಕ್ಕ ಹಾಕಲಾಗುತ್ತದೆ. ಅಕ್ಕಸಾಲಿಗರು ಹಿಂದಿನಿಂದ ಬಳಸುತ್ತಿರುವ ಒರೆಗಲ್ಲಿನ ಪರೀಕ್ಷೆಯು ಅನುಭವಿಗಳ ಕಣ್ಣಿನ ಅಂದಾಜನ್ನು ಅವಲಂಬಿಸಿರುವುದರಿಂದ ಇಷ್ಟು ನಿಖರವಾಗಿರುವುದಿಲ್ಲ.

ಮುದ್ರೆಯ ಮೂರು ಭಾಗಗಳು

01-07-2021 ರಿಂದ ಜಾರಿಗೆ ಬಂದ ಪದ್ಧತಿಯಂತೆ ಹಾಲ್‌ಮಾರ್ಕ್‌ನಲ್ಲಿ ಈ ಮೂರು ಗುರುತುಗಳು ಇರತಕ್ಕದ್ದು:

1. ಬಿ.ಐ.ಎಸ್. ಲಾಂಛನ. ಇದು ತ್ರಿಕೋನಾಕಾರದಲ್ಲಿರುತ್ತದೆ.

2. ಕ್ಯಾರೆಟ್ ಮತ್ತು ಶುದ್ಧತೆಯ ಸಂಖ್ಯೆ. ಉದಾಹರಣೆಗೆ, 22 ಕ್ಯಾರೆಟ್ ಆಭರಣದ ಮೇಲೆ 22ಕೆ916 ಎಂದೂ, 18 ಕ್ಯಾರೆಟ್ ಆಭರಣದ ಮೇಲೆ 18ಕೆ750 ಎಂದೂ ಇರುತ್ತದೆ. ಆಭರಣದ ಮೇಲೆ ಇವನ್ನು ಇಂಗ್ಲಿಷ್ ಲಿಪಿಯಲ್ಲಿ ಕೆತ್ತಲಾಗಿರುತ್ತದೆ.

3. ಎಚ್.ಯು.ಐ.ಡಿ. ಸಂಖ್ಯೆ. ಇದು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳು ಸೇರಿದ ಆರು ಸ್ಥಾನಗಳ ಗುರುತು. ಪ್ರತಿಯೊಂದು ಆಭರಣಕ್ಕೂ ಪ್ರತ್ಯೇಕ ಸಂಖ್ಯೆ ಇರುತ್ತದೆ. ಒಂದು ಆಭರಣದ ಸಂಖ್ಯೆಯನ್ನು ಮತ್ತೊಂದಕ್ಕೆ ಬಳಸುವಂತಿಲ್ಲ.

01-04-2023 ರಿಂದ ಎಚ್.ಯು.ಐ.ಡಿ. ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಆಭರಣಗಳ ಮಾರಾಟಕ್ಕೆ ಅವಕಾಶವಿರುವುದಿಲ್ಲ.

916 ಎಂಬ ಅಂಕಿ ಮಾತ್ರ ಇದ್ದರೆ ಸಾಕೇ?

ಸಾಲದು. ಗ್ರಾಹಕರು ಹೆಚ್ಚಾಗಿ ಮೋಸಹೋಗುವುದು ಈ ವಿಷಯದಲ್ಲಿಯೇ. 916 ಎಂಬ ಅಚ್ಚನ್ನು ಯಾವ ಕಾರ್ಯಾಗಾರದಲ್ಲಿಯಾದರೂ ಒತ್ತಬಹುದು. ಲಾಂಛನ ಮತ್ತು ಎಚ್.ಯು.ಐ.ಡಿ. ಇಲ್ಲದ ಅಂಕಿಯು ಮಾರಾಟಗಾರರ ಹೇಳಿಕೆ ಮಾತ್ರವೇ ಹೊರತು ಪರೀಕ್ಷೆಯ ಫಲಿತಾಂಶವಲ್ಲ.

ಅದೇ ರೀತಿ ಕೆ.ಡಿ.ಎಂ. ಎಂಬ ಗುರುತನ್ನು ಶುದ್ಧತೆಯ ಮುದ್ರೆಯೆಂದು ಹಲವರು ಭಾವಿಸಿದ್ದಾರೆ. ಈ ಹೆಸರು ಬಂದಿರುವುದು ಕ್ಯಾಡ್ಮಿಯಂ ಎಂಬ ಲೋಹದಿಂದ. ಅದು ಬೆಸುಗೆಯ ವಿಧಾನವನ್ನು ಸೂಚಿಸುತ್ತದೆ. ಆಭರಣದಲ್ಲಿ ಎಷ್ಟು ಚಿನ್ನವಿದೆ ಎಂಬುದನ್ನು ತಿಳಿಸುವುದಿಲ್ಲ. ಬೆಸುಗೆಯ ಸಮಯದಲ್ಲಿ ಹೊರಬರುವ ಕ್ಯಾಡ್ಮಿಯಂ ಹೊಗೆಯು ಕುಶಲಕರ್ಮಿಗಳ ಶ್ವಾಸಕೋಶ ಮತ್ತು ಮೂತ್ರಪಿಂಡಗಳಿಗೆ ಹಾನಿಕಾರಕವಾಗಿದೆ. ಆದುದರಿಂದ "916 ಕೆ.ಡಿ.ಎಂ." ಎಂಬ ಬರಹವನ್ನು ಹಾಲ್‌ಮಾರ್ಕ್ ಎಂದು ಪರಿಗಣಿಸತಕ್ಕದ್ದಲ್ಲ.

ಖರೀದಿಸುವ ಮುನ್ನ ಪರಿಶೀಲನೆ

ಹಣ ಪಾವತಿಸುವ ಮೊದಲೇ ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ:

1. ಮುದ್ರೆಯು ಬಹಳ ಸಣ್ಣದಾಗಿರುವುದರಿಂದ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯನ್ನು ಮಳಿಗೆಯಲ್ಲಿ ಒದಗಿಸಬೇಕೆಂಬ ನಿಯಮವಿದೆ. ಅದನ್ನು ಕೇಳಿ ಪಡೆದು ಮೂರು ಗುರುತುಗಳನ್ನೂ ನೋಡುವುದು.

2. ಮೊಬೈಲ್ ದೂರವಾಣಿಯಲ್ಲಿ "ಬಿ.ಐ.ಎಸ್. ಕೇರ್" ತಂತ್ರಾಂಶವನ್ನು ತೆರೆದು ಆರು ಸ್ಥಾನಗಳ ಸಂಖ್ಯೆಯನ್ನು ನಮೂದಿಸುವುದು. ಆಗ ಮುದ್ರೆ ಹಾಕಿಸಿದ ಆಭರಣ ವ್ಯಾಪಾರಿಯ ನೋಂದಣಿ ವಿವರ, ಪರೀಕ್ಷಾ ಕೇಂದ್ರದ ಹೆಸರು, ಆಭರಣದ ಬಗೆ, ಶುದ್ಧತೆ ಮತ್ತು ಮುದ್ರೆ ಹಾಕಿದ ದಿನಾಂಕ ಕಾಣಿಸುತ್ತದೆ.

3. ತಂತ್ರಾಂಶದ ವಿವರವನ್ನು ಕೈಯಲ್ಲಿರುವ ಆಭರಣದೊಡನೆ ತಾಳೆ ನೋಡುವುದು. ಕೈಯಲ್ಲಿರುವುದು ಬಳೆಯಾಗಿದ್ದು ತಂತ್ರಾಂಶವು ಉಂಗುರವೆಂದು ತೋರಿಸಿದಲ್ಲಿ ಆ ಮುದ್ರೆಯನ್ನು ನಂಬತಕ್ಕದ್ದಲ್ಲ.

4. ರಸೀದಿಯಲ್ಲಿ ಆಭರಣದ ವಿವರ, ಚಿನ್ನದ ನಿವ್ವಳ ತೂಕ, ಕ್ಯಾರೆಟ್ ಹಾಗೂ ಶುದ್ಧತೆ ಮತ್ತು ಹಾಲ್‌ಮಾರ್ಕ್ ಶುಲ್ಕವನ್ನು ಪ್ರತ್ಯೇಕವಾಗಿ ನಮೂದಿಸಿರುವುದನ್ನು ಖಚಿತಪಡಿಸಿಕೊಳ್ಳುವುದು. ಬಿಳಿ ಹಾಳೆಯ ಮೇಲೆ ಬರೆದುಕೊಡುವ ಅಂದಾಜು ಚೀಟಿಯು ರಸೀದಿಯ ಬದಲಿಗೆ ಸಲ್ಲುವುದಿಲ್ಲ.

5. ಕಲ್ಲು, ಮುತ್ತು, ಹವಳ ಅಥವಾ ಅರಗು ಇರುವ ಆಭರಣಗಳಲ್ಲಿ ಅವುಗಳ ತೂಕವನ್ನು ಚಿನ್ನದ ತೂಕದಿಂದ ಕಳೆದಿರುವುದನ್ನು ನೋಡಿಕೊಳ್ಳುವುದು.

2022 ರ ಮಾರ್ಚ್ ತಿಂಗಳಲ್ಲಿ ಪರಿಷ್ಕರಿಸಿದ ದರದಂತೆ ಹಾಲ್‌ಮಾರ್ಕ್ ಶುಲ್ಕವು ಒಂದು ಚಿನ್ನದ ಆಭರಣಕ್ಕೆ ರೂ. 45 ಮತ್ತು ತೆರಿಗೆ. ಆಭರಣದ ತೂಕ ಎಷ್ಟೇ ಇದ್ದರೂ ಈ ಶುಲ್ಕ ಬದಲಾಗುವುದಿಲ್ಲ. ಹಾಲ್‌ಮಾರ್ಕ್ ಇರುವ ಕಾರಣಕ್ಕೆ ಗ್ರಾಂ ಒಂದಕ್ಕೆ ಇಂತಿಷ್ಟು ಹೆಚ್ಚು ಎಂದು ಕೇಳಿದಲ್ಲಿ ಅದಕ್ಕೆ ಆಧಾರವಿಲ್ಲ.

ಹಾಲ್‌ಮಾರ್ಕ್ ಶುದ್ಧತೆಗೆ ಮಾತ್ರ ಸಂಬಂಧಿಸಿದ್ದು ಎಂಬುದನ್ನು ಗಮನಿಸಬೇಕು. ಮಜೂರಿ, ವೇಸ್ಟೇಜ್ ಮತ್ತು ದಿನದ ದರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತಕ್ಕಡಿಗಳ ಪರಿಶೀಲನೆ ಮತ್ತು ಮುದ್ರೆಯು ಕಾನೂನು ಮಾಪನಶಾಸ್ತ್ರ ಇಲಾಖೆಯ ವ್ಯಾಪ್ತಿಗೆ ಬರುತ್ತದೆ.

ಹಾಲ್‌ಮಾರ್ಕ್‌ನಿಂದ ವಿನಾಯಿತಿ

2 ಗ್ರಾಂಗಿಂತ ಕಡಿಮೆ ತೂಕದ ವಸ್ತುಗಳು, ಕುಂದನ್, ಪೋಲ್ಕಿ ಮತ್ತು ಜಡಾವ್ ಆಭರಣಗಳು, ಚಿನ್ನದ ಕೈಗಡಿಯಾರ ಹಾಗೂ ಪೆನ್ನುಗಳು, ರಫ್ತಿಗಾಗಿ ಇರುವ ವಸ್ತುಗಳು ಮತ್ತು ವಾರ್ಷಿಕ ವಹಿವಾಟು ರೂ. 40 ಲಕ್ಷದವರೆಗೆ ಇರುವ ವ್ಯಾಪಾರಿಗಳಿಗೆ ವಿನಾಯಿತಿ ನೀಡಲಾಗಿದೆ. ಮೂಗುತಿ ಮತ್ತು ತಾಳಿಯ ಸಣ್ಣ ಗುಂಡುಗಳಲ್ಲಿ ಅನೇಕವು 2 ಗ್ರಾಂಗಿಂತ ಕಡಿಮೆ ಇರುವುದರಿಂದ ಅವುಗಳ ಮೇಲೆ ಮುದ್ರೆ ಇಲ್ಲದಿರಬಹುದು. ಇಂತಹ ಖರೀದಿಗಳಲ್ಲಿ ಶುದ್ಧತೆಯನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳುವುದು ಇನ್ನೂ ಹೆಚ್ಚು ಅಗತ್ಯ.

ಮನೆಯಲ್ಲಿರುವ ಹಳೆಯ ಆಭರಣಗಳು

ಕಡ್ಡಾಯ ಆದೇಶವು ಮಾರಾಟಗಾರರಿಗೆ ಅನ್ವಯಿಸುತ್ತದೆ. ಮನೆಯಲ್ಲಿರುವ ಮುದ್ರೆಯಿಲ್ಲದ ಆಭರಣವನ್ನು ಇಟ್ಟುಕೊಳ್ಳಲು, ಅಡವಿಡಲು ಅಥವಾ ವ್ಯಾಪಾರಿಗೆ ಮಾರಲು ಗ್ರಾಹಕರಿಗೆ ಯಾವುದೇ ಅಡ್ಡಿಯಿಲ್ಲ. "ಹಾಲ್‌ಮಾರ್ಕ್ ಇಲ್ಲದ ಹಳೆಯ ಚಿನ್ನಕ್ಕೆ ಇನ್ನು ಬೆಲೆಯಿಲ್ಲ" ಎಂಬ ಮಾತನ್ನು ನಂಬಿ ಕಡಿಮೆ ಬೆಲೆಗೆ ಮಾರಬಾರದು.

2021 ರ ಜುಲೈಗೆ ಮೊದಲು ಮುದ್ರೆ ಹಾಕಿದ ಆಭರಣಗಳಲ್ಲಿ ಎಚ್.ಯು.ಐ.ಡಿ. ಬದಲಿಗೆ ಪರೀಕ್ಷಾ ಕೇಂದ್ರದ ಗುರುತು ಮತ್ತು ವ್ಯಾಪಾರಿಯ ಗುರುತು ಇರುತ್ತದೆ. ಇನ್ನೂ ಹಳೆಯ ಮುದ್ರೆಗಳಲ್ಲಿ ವರ್ಷವನ್ನು ಸೂಚಿಸುವ ಇಂಗ್ಲಿಷ್ ಅಕ್ಷರವೂ ಕಾಣಸಿಗುತ್ತದೆ: 2000 ಕ್ಕೆ "ಎ", 2001 ಕ್ಕೆ "ಬಿ", 2008 ಕ್ಕೆ "ಜೆ". ಗ್ರಾಹಕರ ಬಳಿ ಇರುವ ಇಂತಹ ಆಭರಣಗಳ ಮುದ್ರೆಯು ಮಾನ್ಯವಾಗಿಯೇ ಉಳಿಯುತ್ತದೆ.

ಹಳೆಯ ಆಭರಣದ ಶುದ್ಧತೆಯನ್ನು ತಿಳಿಯಬಯಸುವವರು ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರಕ್ಕೆ ನೇರವಾಗಿ ಹೋಗಿ ಶುಲ್ಕ ಪಾವತಿಸಿ ಪರೀಕ್ಷಿಸಿಕೊಳ್ಳಬಹುದು. 2022 ರ ದರದಂತೆ ನಾಲ್ಕು ಆಭರಣಗಳವರೆಗೆ ಒಟ್ಟು ರೂ. 200, ಐದು ಅಥವಾ ಹೆಚ್ಚು ಇದ್ದಲ್ಲಿ ತಲಾ ರೂ. 45 ಮತ್ತು ತೆರಿಗೆ ಅನ್ವಯಿಸುತ್ತದೆ. ಮಾರುವ ಅಥವಾ ಬದಲಾಯಿಸುವ ಮೊದಲೇ ಈ ವರದಿಯನ್ನು ಪಡೆದಿದ್ದರೆ ಬೆಲೆ ಮಾತನಾಡುವಾಗ ಗ್ರಾಹಕರ ಕೈಯಲ್ಲಿ ಆಧಾರವಿರುತ್ತದೆ.

ಕೊರತೆ ಕಂಡುಬಂದಲ್ಲಿ ಪರಿಹಾರ

ಹಾಲ್‌ಮಾರ್ಕ್ ಇರುವ ಆಭರಣದ ಶುದ್ಧತೆಯು ನಮೂದಿಸಿದ್ದಕ್ಕಿಂತ ಕಡಿಮೆ ಎಂದು ಸಾಬೀತಾದಲ್ಲಿ, ಭಾರತೀಯ ಮಾನಕ ಬ್ಯೂರೋ ನಿಯಮಗಳು, 2018 ರ ನಿಯಮ 49 ರಂತೆ ಗ್ರಾಹಕರು ಪರಿಹಾರಕ್ಕೆ ಅರ್ಹರಾಗಿರುತ್ತಾರೆ. ಮಾರಾಟವಾದ ಆಭರಣದ ತೂಕಕ್ಕೆ ಶುದ್ಧತೆಯ ಕೊರತೆಯಿಂದ ಆಗುವ ವ್ಯತ್ಯಾಸದ ಎರಡು ಪಟ್ಟು ಮೊತ್ತ ಮತ್ತು ಪರೀಕ್ಷಾ ಶುಲ್ಕವನ್ನು ಪಡೆಯಬಹುದು.

ಉದಾಹರಣೆಗೆ, 916 ಎಂದು ಮುದ್ರೆಯಿರುವ 20 ಗ್ರಾಂ ಸರದ ನಿಜವಾದ ಶುದ್ಧತೆ 850 ಎಂದು ಕಂಡುಬಂದಿದೆ ಎಂದುಕೊಳ್ಳೋಣ. ಇರಬೇಕಾದ ಚಿನ್ನ 18.32 ಗ್ರಾಂ, ಇರುವುದು 17 ಗ್ರಾಂ, ಕೊರತೆ 1.32 ಗ್ರಾಂ. ಲೆಕ್ಕದ ಅನುಕೂಲಕ್ಕಾಗಿ ಅಪ್ಪಟ ಚಿನ್ನದ ದರವನ್ನು ಗ್ರಾಂಗೆ ರೂ. 10,000 ಎಂದು ಇಟ್ಟುಕೊಂಡರೆ ವ್ಯತ್ಯಾಸವು ರೂ. 13,200 ಆಗುತ್ತದೆ. ಅದರ ಎರಡು ಪಟ್ಟು, ಅಂದರೆ ರೂ. 26,400 ಮತ್ತು ಪರೀಕ್ಷಾ ಶುಲ್ಕವು ಗ್ರಾಹಕರಿಗೆ ಸಲ್ಲಬೇಕಾದ ಮೊತ್ತ. ಖರೀದಿಯ ರಸೀದಿ ಇಲ್ಲದಿದ್ದಲ್ಲಿ ಈ ಹಕ್ಕನ್ನು ಸ್ಥಾಪಿಸುವುದು ಕಷ್ಟ.

ದೂರು ಸಲ್ಲಿಸುವ ವಿಧಾನ

1. ಮೊದಲು ರಸೀದಿ ಮತ್ತು ಪರೀಕ್ಷಾ ವರದಿಯ ಪ್ರತಿಯೊಂದಿಗೆ ಮಾರಾಟಗಾರರಿಗೆ ಲಿಖಿತವಾಗಿ ತಿಳಿಸುವುದು. ಮೂಲ ಪ್ರತಿಗಳನ್ನು ಯಾರಿಗೂ ಬಿಟ್ಟುಕೊಡಬಾರದು.

2. "ಬಿ.ಐ.ಎಸ್. ಕೇರ್" ತಂತ್ರಾಂಶದ ಮೂಲಕ ಅಥವಾ ಬಿ.ಐ.ಎಸ್. ಶಾಖಾ ಕಚೇರಿಗೆ ದೂರು ಸಲ್ಲಿಸುವುದು. ಮುದ್ರೆಯ ದುರುಪಯೋಗ ಮತ್ತು ನಕಲಿ ಮುದ್ರೆಯು 2016 ರ ಅಧಿನಿಯಮದಡಿ ಶಿಕ್ಷಾರ್ಹವಾಗಿದೆ.

3. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕ್ಕೆ ಕರೆ ಮಾಡಿ ದೂರು ದಾಖಲಿಸುವುದು.

4. ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ನೀಡುವುದು. ಪಾವತಿಸಿದ ಬೆಲೆ ರೂ. 50 ಲಕ್ಷದವರೆಗೆ ಇರುವ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ವ್ಯಾಜ್ಯಕ್ಕೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು.

ಗ್ರಾಹಕರ ಗಮನಕ್ಕೆ

ಪರಿಚಯದ ಅಂಗಡಿ, ತಲೆಮಾರುಗಳ ವ್ಯವಹಾರ ಎಂಬ ಕಾರಣಕ್ಕೆ ಮುದ್ರೆಯನ್ನು ನೋಡದೆ, ರಸೀದಿಯನ್ನು ಕೇಳದೆ ಬರುವವರು ಅನೇಕರಿದ್ದಾರೆ. ಪ್ರಾಮಾಣಿಕ ವ್ಯಾಪಾರಿಗೆ ಪರಿಶೀಲನೆಯಿಂದ ಯಾವ ತೊಂದರೆಯೂ ಇಲ್ಲ. ಭೂತಗನ್ನಡಿಯಲ್ಲಿ ಮೂರು ಗುರುತುಗಳನ್ನು ನೋಡಲು ಮತ್ತು ಆರು ಸ್ಥಾನಗಳ ಸಂಖ್ಯೆಯನ್ನು ತಾಳೆ ನೋಡಲು ಐದು ನಿಮಿಷಗಳು ಸಾಕು. ಆದ್ದರಿಂದ ಸಾರ್ವಜನಿಕರು ಹಾಲ್‌ಮಾರ್ಕ್ ಇರುವ ಆಭರಣಗಳನ್ನೇ ಖರೀದಿಸಿ, ರಸೀದಿಯನ್ನು ಆಭರಣದಷ್ಟೇ ಜೋಪಾನವಾಗಿ ಕಾಪಾಡಿಕೊಳ್ಳಬೇಕೆಂದು ಕೋರಲಾಗಿದೆ.