ಸಿ ವರ್ಗದ ಮನೆ

1993ರ ಸೆಪ್ಟೆಂಬರ್ 30ರ ನಸುಕು. ನಾಲ್ಕು ಗಂಟೆಗೆ ಇನ್ನೂ ನಾಲ್ಕು ನಿಮಿಷ ಇತ್ತು. ಬಸವಕಲ್ಯಾಣದ ನಮ್ಮ ಬಾಡಿಗೆ ಮನೆಯಲ್ಲಿ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ಗಲಗಲ ಅಂದವು. ಬೆಕ್ಕು ಇರಬೇಕೆಂದು ನಾನು ಮತ್ತೆ ಮುಸುಕೆಳೆದುಕೊಂಡೆ. ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ, ರಾತ್ರಿ ಗಣಪತಿ ಬಿಟ್ಟು ಬಂದು ಮಲಗಿದ್ದ 7,900ಕ್ಕೂ ಹೆಚ್ಚು ಜನ ಅಷ್ಟರಲ್ಲಿ ಮಣ್ಣಾಗಿದ್ದರು.

ನಮ್ಮ ಚಿಕ್ಕವ್ವನನ್ನು ಕೊಟ್ಟದ್ದು ಉಮರ್ಗಾ ತಾಲ್ಲೂಕಿಗೆ. ದೇವರ ದಯೆ, ಅವಳ ಮನೆಯವರೆಲ್ಲ ಉಳಿದರು. ಗೋಡೆಗಳು ಮಾತ್ರ ಬಿರುಕುಬಿಟ್ಟಿದ್ದವು.

ಆ ಕಡೆಯ ಮನೆಗಳು ನಮ್ಮ ಮನೆಗಳಂಥವೇ. ಒಳಮೈಗೊಂದು, ಹೊರಮೈಗೊಂದು ಕಲ್ಲಿನ ಸಾಲು, ನಡುವೆ ಮಣ್ಣು ಮತ್ತು ಪುಡಿಗಲ್ಲು. ಎರಡನ್ನೂ ಹಿಡಿದಿಡುವ, ಈ ಮೈಯಿಂದ ಆ ಮೈಗೆ ಹಾಯುವ ಉದ್ದನೆಯ ಕಲ್ಲುಗಳಿಲ್ಲ. ಮೇಲೆ ಮಣ್ಣಿನ ಮಾಳಿಗೆ. ಸೋರಬಾರದೆಂದು ಮಳೆಗಾಲಕ್ಕೆ ಮುಂಚೆ ಇನ್ನಷ್ಟು ಮಣ್ಣು ಹೇರುವುದು. ಬಿಸಿಲಿಗೆ ತಂಪು ಕೊಡುತ್ತಿದ್ದ ಆ ದಪ್ಪ ಗೋಡೆ ಅಲುಗಿದೊಡನೆ ಎರಡು ಹೋಳಾಗಿ ಉಬ್ಬಿ ಕುಸಿಯಿತು. ಎಷ್ಟೋ ಕಡೆ ಮರದ ಕಂಬ, ತೊಲೆ ನಿಂತೇ ಇದ್ದವು, ಗೋಡೆ ಇರಲಿಲ್ಲ.

ಹಾನಿಯನ್ನು ಅಳೆಯಲು ಎಂಜಿನಿಯರರಲ್ಲಿ ಐದು ದರ್ಜೆಗಳ ಲೆಕ್ಕವಿದೆ. ಗಿಲಾವಿನಲ್ಲಿ ಕೂದಲೆಳೆಯ ಗೆರೆ ಮೊದಲನೆಯದು, ಪೂರ್ತಿ ನೆಲಸಮ ಐದನೆಯದು. ಸರ್ಕಾರ ಊರುಗಳನ್ನೇ ಎ, ಬಿ, ಸಿ ಎಂದು ವಿಂಗಡಿಸಿತು. ಎ ವರ್ಗದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಬಿ ಎಂದರೆ ಇದ್ದಲ್ಲೇ ಕಟ್ಟುವುದು. ಸಿ ಎಂದರೆ ದುರಸ್ತಿ. ಲಕ್ಷಕ್ಕೂ ಹೆಚ್ಚು ಮನೆಗಳು ಈ ದುರಸ್ತಿಯ ಲೆಕ್ಕಕ್ಕೇ ಬಂದವು, ಚಿಕ್ಕವ್ವನದೂ ಒಂದು.

"ಬಿದ್ದಿದ್ರ ಹೊಸಾದು ಸಿಗ್ತಿತ್ತು, ಬೀಳದಿದ್ದಕ್ಕ ಇದರಾಗ ಸಾಯೂ ತನಕ ಇರಬೇಕೇನವ್ವ?" ಎಂದು ಆಕೆ ಕೇಳಿದಾಗ ಬಿ.ಎ., ಬಿ.ಎಡ್. ಓದಿದ ನನಗೆ ಉತ್ತರ ಹೊಳೆಯಲಿಲ್ಲ. ಬಿರುಕಿನ ಅಗಲ ಅಳೆದು ಬರೆದುಕೊಂಡು ಹೋದರು. ಬಿರುಕೇ ಇಲ್ಲದ ಪಕ್ಕದ ಗೋಡೆಯೂ ಅದೇ ಮಣ್ಣು, ಅದೇ ಪುಡಿಗಲ್ಲು ಅಲ್ಲವೇ?

ಹಾಗೆಂದು ದುರಸ್ತಿ ಎಂದರೆ ಬರೀ ಮೆತ್ತುವುದಲ್ಲ. ಗೋಡೆಯ ಆರಪಾರ ತೂತು ಮಾಡಿ, ತುದಿ ಬಾಗಿಸಿದ ಕಬ್ಬಿಣದ ಸಳಿ ಇಟ್ಟು, ಕಾಂಕ್ರೀಟು ತುಂಬಿ, ಎರಡು ಮೈಗಳನ್ನೂ ಹೊಲಿದಂತೆ ಬಿಗಿಯುವ ಉಪಾಯ ಹೇಳಿಕೊಟ್ಟರು. ಒಳ್ಳೆಯ ಉಪಾಯವೇ. ಆದರೆ ನೆರೆಯೂರಲ್ಲಿ ಹೆಣ ಎತ್ತಿದ್ದನ್ನು ಕಂಡವರಿಗೆ ಕಲ್ಲುಗೋಡೆಯ ಮೇಲೆ ನಂಬಿಕೆ ಹುಟ್ಟಿಸುವುದು ಹೇಗೆ? ಬಹಳ ಮಂದಿ ದುರಸ್ತಿಯ ಹಣದಲ್ಲಿ ಹಳೆಯದನ್ನು ಮುಟ್ಟದೆ ಹೊಸ ಕೋಣೆಯೊಂದನ್ನು ಎಬ್ಬಿಸಿಕೊಂಡರು.

ಭೂಕಂಪದ ನಕ್ಷೆಯಲ್ಲೂ ಆ ಸೀಮೆಗೆ ಒಂದು ವರ್ಗವಿತ್ತು: ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯ. 2002ರಲ್ಲಿ ನಕ್ಷೆ ತಿದ್ದಿದಾಗ ಆ ವಲಯವನ್ನೇ ತೆಗೆದುಹಾಕಿದರು, ಲಾತೂರು ಸೀಮೆ ಮೂರನೆಯದಕ್ಕೆ ಏರಿತು.

ಚಿಕ್ಕವ್ವನೂ ಅಂಗಳದಲ್ಲಿ ಇಟ್ಟಿಗೆಯ ಕೋಣೆ ಕಟ್ಟಿಸಿ, ತಗಡು ಹೊದಿಸಿ, ಅಲ್ಲೇ ಮಲಗತೊಡಗಿದಳು. ಹಳೆಯ ಮನೆಯಲ್ಲಿ ಜೋಳದ ಚೀಲ, ಕುಳ್ಳು. ದೇವರ ಜಗಲಿ ಮಾತ್ರ ಒಳಗೇ ಉಳಿದಿತ್ತು. ಸಂಜೆ ದೀಪ ಹಚ್ಚಲು ಹೋದವಳು ಕೈಮುಗಿದು, ಮಾಳಿಗೆಯ ಕಡೆ ಒಮ್ಮೆ ನೋಡಿ, ಬೇಗನೆ ಹೊರಗೆ ಬರುತ್ತಿದ್ದಳು.