ಬೇಸಿಗೆಯಲ್ಲಿ ಕಾಣದ ಗಿಡ: ಗೌರಿಹೂ, ಗೋರಂಟೆ ಕುರಿತು

ಪೆಟೂನಿಯಾ, ಮುದ್ದೆ ಚೆಂಡುಹೂಗಳಂಥ ಮಿಶ್ರತಳಿಗಳು ಕೈತೋಟಗಳನ್ನು ಆವರಿಸಲು ಬಣ್ಣವೇ ಕಾರಣವೆನ್ನುವುದು ವಾಡಿಕೆ. ಬಣ್ಣದಲ್ಲಿ ನಮ್ಮ ನೆಲದ ಬಹುವಾರ್ಷಿಕ ಗಿಡಗಳೇನೂ ಕಡಿಮೆಯಿಲ್ಲ. ವರ್ಷದಲ್ಲಿ ಕೆಲವು ತಿಂಗಳು ಅವು ಸೊರಗುತ್ತವೆ, ಕೆಲವಂತೂ ನೆಲದ ಮೇಲೆ ಕಾಣುವುದೇ ಇಲ್ಲ. ಅವು ಹಿಂದೆ ಬೀಳಲು ಮುಖ್ಯ ಕಾರಣ ಇದೇ ಎಂದು ನನ್ನ ಎಣಿಕೆ.

ಗೌರಿಹೂವನ್ನೇ, ಅಂದರೆ ಗ್ಲೋರಿಯೋಸಾ ಸುಪರ್ಬಾವನ್ನೇ ತೆಗೆದುಕೊಳ್ಳೋಣ. ಮುಂಗಾರು ಬಿದ್ದೊಡನೆ ಗೆಡ್ಡೆ ಚಿಗುರುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕ ಆಸರೆ ಹಿಡಿಯುತ್ತದೆ. ಭಾದ್ರಪದದ ಗೌರಿ ಪೂಜೆಯ ಹೊತ್ತಿಗೆ ಹೂ. ಅಂಚು ಅಲೆಯಲೆಯಾದ ಆರು ದಳಗಳೂ ಹಿಂದಕ್ಕೆ ಬಾಗಿ ಮೇಲೆದ್ದಿರುತ್ತವೆ, ಕೇಸರಗಳು ಸುತ್ತ ಅಡ್ಡಲಾಗಿ ಹರಡಿರುತ್ತವೆ, ಶಲಾಕೆ ಮಾತ್ರ ಬುಡದಲ್ಲೇ ಮೊಳಕೈಯಂತೆ ಮಡಚಿ ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಹಳದಿ ಮಿಶ್ರಿತ ದಳ ದಿನ ಕಳೆದಂತೆ ಪೂರಾ ಕೆಂಪೇರುತ್ತದೆ. ಮಳೆಗಾಲ ಮುಗಿದ ಮೇಲೆ ಬಳ್ಳಿ ಒಣಗಿ ಹೋಗುತ್ತದೆ. ಸತ್ತಿತೆಂದು ಅಲ್ಲಿ ಗುದ್ದಲಿ ಹಾಕಿದರೆ ಕೆಟ್ಟಿತು: ಕವಲು ಗೆಡ್ಡೆಯ ತುದಿಯಲ್ಲಿರುವ ಮೊಗ್ಗು ಮುರಿದರೆ ಆ ಕವಲು ಚಿಗುರದು. ಬೇಸಿಗೆಯಲ್ಲಿ ದಿನವೂ ನೀರೆರೆದರೆ ಕೊಳೆಯುವ ಭಯ. ಜಾಗಕ್ಕೊಂದು ಗುರುತು ನೆಟ್ಟು ಸುಮ್ಮನಿರುವುದೇ ಆರೈಕೆ.

ಇಡೀ ಗಿಡದಲ್ಲಿ ಕಾಲ್ಚಿಸಿನ್ ವಿಷವಿದೆ, ಗೆಡ್ಡೆಯಲ್ಲೂ ಬೀಜದಲ್ಲೂ ಹೆಚ್ಚು. ಚಿಕ್ಕ ಮಕ್ಕಳು, ದನಕರು ಇರುವ ಕಡೆ ಇದನ್ನು ಬೆಳೆಸಲೇಬಾರದು. ಕಾಡಿನಿಂದ ಕಿತ್ತು ತರುವುದೂ ಸಲ್ಲದು. ತಮಿಳುನಾಡಿನಲ್ಲಿ ಔಷಧಿಗಾಗಿ ಇದನ್ನು ಹೊಲದಲ್ಲೇ ಬೆಳೆಯುತ್ತಾರೆ, ಹಾಗೆ ಬೆಳೆದ ಗೆಡ್ಡೆಯನ್ನೇ ಕೇಳಿ ಕೊಳ್ಳಬೇಕು.

ಮುಳ್ಳುಗೋರಂಟೆಯ ಹಳದಿ ಹೂ ಮಳೆ ಹಿಂದೆಗೆದ ಮೇಲೆ ಶುರುವಾಗಿ ಚಳಿಗಾಲದುದ್ದಕ್ಕೂ ಇರುತ್ತದೆ. ಲೆಮನ್ ಪ್ಯಾನ್ಸಿ, ಬ್ಲೂ ಪ್ಯಾನ್ಸಿ ಚಿಟ್ಟೆಗಳ ಹುಳುಗಳಿಗೆ ಗೋರಂಟೆಯ ಎಲೆ ಆಹಾರ. ಎಲೆ ತೂತಾಯಿತೆಂದು ಔಷಧಿ ಹೊಡೆದರೆ ಚಿಟ್ಟೆಯೂ ಇಲ್ಲ. ಮುದ್ದೆ ಚೆಂಡುಹೂವಿನಲ್ಲಿ ನಡುವಿನ ಕಿರುಹೂಗಳು ಬಹುಮಟ್ಟಿಗೆ ದಳದಂತಾಗಿರುವುದರಿಂದ ಜೇನಿಗೆ ಪರಾಗವೇ ಅಪರೂಪ. ಮಿಶ್ರತಳಿಯಾದರೆ ಬೀಜ ಎತ್ತಿಟ್ಟು ಬಿತ್ತಿದರೂ ಅದೇ ಹೂ ಬರುವ ಖಾತರಿಯಿಲ್ಲ.

ಗೌರಿಹೂ, ಗೋರಂಟೆ ಎರಡನ್ನೂ ಒಂದೇ ಪಾತಿಯಲ್ಲಿ ಕೂಡಿಸುವುದು ಸೂಕ್ತವೆಂದು ನನ್ನ ಸಲಹೆ. ಗೌರಿಹೂವಿನ ಬಳ್ಳಿಗೆ ಗೋರಂಟೆಯ ಪೊದೆಯೇ ಆಸರೆಯಾಗುತ್ತದೆ. ಬಳ್ಳಿ ಒಣಗುವ ಹೊತ್ತಿಗೆ ಪೊದೆ ಹೂಬಿಡುತ್ತದೆ, ಗೆಡ್ಡೆ ಮಲಗಿರುವ ಜಾಗಕ್ಕೂ ಅದೇ ಗುರುತು.